ಸೈರನ್ ಮೊದಲು, ನಲ್ಲಿ ಆಮೇಲೆ

ಬೆಂಗಳೂರಿನ ಜಾಲಹಳ್ಳಿ, ಮತ್ತಿಕೆರೆ, ಯಶವಂತಪುರ, ಕೃಷ್ಣರಾಜಪುರದ ಕಡೆ ಈಗ ಎಪ್ಪತ್ತೈದು, ಎಂಬತ್ತು ದಾಟಿದ ಒಂದು ತಲೆಮಾರಿನ ಅಜ್ಜಿಯರಿದ್ದಾರೆ. ಅವರ ಅಮ್ಮಂದಿರಿಗಿಲ್ಲದ ಒಂದು ದಿನಾಂಕ ಇವರ ಬದುಕಿನಲ್ಲಿದೆ: ನಿವೃತ್ತಿಯ ದಿನಾಂಕ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗೆ ಸೇರಿ, ಮೂವತ್ತು ಮೂವತ್ತೈದು ವರ್ಷ ದುಡಿದು, ಕಡೆಯ ದಿನ ಹಾರ ಹಾಕಿಸಿಕೊಂಡು, ಗ್ರಾಚ್ಯುಟಿ ಮತ್ತು ಭವಿಷ್ಯ ನಿಧಿಯ ಲೆಕ್ಕ ಚುಕ್ತಾ ಮಾಡಿಸಿಕೊಂಡು ಮನೆಗೆ ಬಂದವರು ಇವರು. ತಮ್ಮ ಊರನ್ನು, ತಮ್ಮ ದಿನಚರಿಯನ್ನು ಇವರು ನೆನೆಯುವಾಗ ಮಾತು ನೀರು, ಸೀಮೆಎಣ್ಣೆ, ಬಸ್ಸು, ಬಾಣಂತನ, ರೇಷನ್ ಕ್ಯೂ ಇವುಗಳ ಸುತ್ತ ತಿರುಗುತ್ತದೆ. ಚರಿತ್ರೆ ಬರೆಯುವವರು ಇದನ್ನು ಮನೆವಾರ್ತೆ ಎಂದು ಪಕ್ಕಕ್ಕಿಡುವುದೇ ಹೆಚ್ಚು. ಆದರೆ ಬೆಂಗಳೂರಿನ ಬಗ್ಗೆ ನಾವೆಲ್ಲ ನಂಬಿಕೊಂಡಿರುವ ಒಂದು ತಪ್ಪನ್ನು ತಿದ್ದುವ ಸಾಕ್ಷ್ಯ ಈ ಮನೆವಾರ್ತೆಯಲ್ಲೇ ಇದೆ. ಮನೆಗೆ ನಲ್ಲಿ ಬಂತು, ಗ್ಯಾಸ್ ಬಂತು, ಮಿಕ್ಸಿ ಬಂತು, ಹೆಣ್ಣುಮಕ್ಕಳಿಗೆ ಬಿಡುವಾಯಿತು, ಹಾಗಾಗಿ ಅವರು ಹೊರಗೆ ದುಡಿಯಲು ಹೊರಟರು ಎಂಬುದು ಆ ನಂಬಿಕೆ. ಈ ಊರಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಕಾರ್ಖಾನೆಯ ಸೈರನ್ ಮೊದಲು ಕೂಗಿತು, ಮನೆಯೊಳಗೆ ನಲ್ಲಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ನಡುವಿನ ಕಾಲು ಶತಮಾನದ ಭಾರವನ್ನು ಯಂತ್ರ ಹೊರಲಿಲ್ಲ, ಮನೆಯಲ್ಲಿದ್ದ ಇನ್ನೊಬ್ಬ ಹೆಂಗಸು ಹೊತ್ತಳು. ಕಾರ್ಖಾನೆಗೆ ಹೋದ ಮೊದಲ ತಲೆಮಾರಿನ ಒಂದೊಂದು ಸಂಬಳವೂ ಇಬ್ಬರು ಹೆಂಗಸರ ದುಡಿಮೆಯ ಮೇಲೆ ನಿಂತಿತ್ತು ಎಂಬುದು ನನ್ನ ವಾದ.

ಮೊದಲು ಕಾರ್ಖಾನೆಗಳ ಕಾಲವನ್ನು ನೋಡಬೇಕು. 1940ರ ಡಿಸೆಂಬರಿನಲ್ಲಿ, ಮಹಾಯುದ್ಧದ ನಡುವೆ, ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಕಟ್ಟಿದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದೂರವಾಣಿನಗರದಲ್ಲಿ ದೂರವಾಣಿ ತಯಾರಿಸುವ ಐಟಿಐ ಶುರುವಾಯಿತು. 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸಿನ ಬಿಇಎಲ್, ಎರಡೂ ಜಾಲಹಳ್ಳಿಯ ಕಡೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಬಂತು. ವಿಮಾನ ಮತ್ತು ಯಂತ್ರೋಪಕರಣದ ಕಾರ್ಖಾನೆಗಳಲ್ಲಿ ದುಡಿದವರು ಬಹುಪಾಲು ಗಂಡಸರೇ. ಆದರೆ ದೂರವಾಣಿಯ ಜೋಡಣೆ, ವೈರಿಂಗ್, ರೇಡಿಯೋ ವಾಲ್ವು, ಟ್ರಾನ್ಸಿಸ್ಟರ್, ಕೈಗಡಿಯಾರ ಇಂಥ ಸೂಕ್ಷ್ಮ ಕೆಲಸದ ವಿಭಾಗಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿತು. ಎಸ್ಸೆಸ್ಸೆಲ್ಸಿ ಪಾಸಾದ, ಅಥವಾ ಅಷ್ಟು ದೂರವೂ ಓದದ ಹುಡುಗಿಯರು ತರಬೇತಿ ಪಡೆದು ಬೆಂಚಿನ ಮುಂದೆ ಕೂತರು. ಅಂದರೆ ಕಾರ್ಖಾನೆಯ ಬಾಗಿಲು ಹೆಂಗಸರಿಗೆ ತೆರೆದದ್ದು 1950 ಮತ್ತು 60ರ ದಶಕಗಳಲ್ಲಿ. ಈ ಕಾಲವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಮುಂದಿನ ವಾದವೆಲ್ಲ ಇದರ ಮೇಲಿದೆ.

ಆ ಬೆಂಚಿನ ಕೆಲಸ ಎಂಥದ್ದು ಎಂಬುದನ್ನು ಹತ್ತಿರದಿಂದ ನೋಡದೆ ಉಳಿದದ್ದು ಅರ್ಥವಾಗುವುದಿಲ್ಲ. ಎಚ್‌ಎಂಟಿ ಜನತಾ ಕೀಲಿ ಕೊಡುವ ಗಡಿಯಾರ, 17 ಜ್ಯೂವೆಲ್‌ಗಳದ್ದು. ಅದರ ಹೃದಯದಂತಿರುವ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ ಮಿಡಿಯುತ್ತದೆ. ಆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವುದು ಕೂದಲೆಳೆಯಷ್ಟು ತೆಳುವಾದ, ಸುರುಳಿ ಸುತ್ತಿದ ಸ್ಪ್ರಿಂಗು. ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು, ಚಿಮುಟಿಗೆಯ ತುದಿಯಲ್ಲಿ ಆ ಸ್ಪ್ರಿಂಗನ್ನು ಹಿಡಿದು, ಸುರುಳಿಯ ಒಂದು ಸುತ್ತೂ ಇನ್ನೊಂದಕ್ಕೆ ತಾಗದಂತೆ ಕೂರಿಸಬೇಕು. ಜ್ಯೂವೆಲ್ಲಿನ ಕುಳಿಗೆ ಸೂಜಿಮೊನೆಯಷ್ಟು ಎಣ್ಣೆ ಬಿಡಬೇಕು. ಹೆಚ್ಚಾದರೆ ಹರಡಿ ಗಡಿಯಾರ ನಿಧಾನವಾಗುತ್ತದೆ, ಕಡಿಮೆಯಾದರೆ ಸವೆಯುತ್ತದೆ. ಬೆರಳು ತಾಗಿದರೆ ಬೆವರಿನಿಂದ ತುಕ್ಕು, ಗಾಳಿಯಲ್ಲಿ ಧೂಳಿದ್ದರೆ ಚಕ್ರ ನಿಲ್ಲುತ್ತದೆ. ಹೆಂಗಸರ ಬೆರಳು ಹುಟ್ಟಿನಿಂದಲೇ ನಾಜೂಕು, ಅದಕ್ಕೇ ಅವರನ್ನು ಆರಿಸಿದ್ದು ಎಂದು ಕಾರ್ಖಾನೆಗಳ ಲೋಕದಲ್ಲಿ ಹೇಳುವ ರೂಢಿ ಎಲ್ಲ ಕಡೆಯೂ ಇದೆ. ನನಗದು ಒಪ್ಪಿಗೆಯಿಲ್ಲ. ಇದು ಕಲಿತು ಬಂದ ಕೌಶಲ, ತಿಂಗಳುಗಟ್ಟಲೆ ತರಬೇತಿಯಿಂದ ಬಂದದ್ದು. ಹುಟ್ಟುಗುಣ ಎಂದು ಕರೆದ ತಕ್ಷಣ ಕಲಿಕೆಯ ಬೆಲೆ ಇಳಿದುಹೋಗುತ್ತದೆ. ಇಲ್ಲಿ ಮುಖ್ಯವಾದದ್ದು ಇಷ್ಟು: ದಿನಕ್ಕೆ ಎಂಟು ಗಂಟೆ ನಡುಗದ ಕೈ, ಮಂಜಾಗದ ಕಣ್ಣು ಬೇಡುವ ಕೆಲಸ ಇದು. ರಾತ್ರಿ ನಿದ್ದೆಗೆಟ್ಟು ನೀರಿಗೆ ಕಾದ ಕೈ, ಬೆಳಗಿನ ಜಾವ ಹೊಗೆಯ ಮುಂದೆ ಕೂತ ಕಣ್ಣು ಇದಕ್ಕೆ ಹೇಗೆ ಒದಗಿದವು ಎಂಬ ಪ್ರಶ್ನೆಯನ್ನು ಕಾರ್ಖಾನೆಯ ಚರಿತ್ರೆ ಎತ್ತುವುದೇ ಇಲ್ಲ.

ಈಗ ನೀರಿನ ಕಾಲಕ್ಕೆ ಬರೋಣ. ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ, ಹೆಸರಘಟ್ಟದ ಕೆರೆಯಿಂದ. ಅದಕ್ಕೂ ಮೊದಲು ಪೇಟೆಯ ಜನ ಧರ್ಮಾಂಬುಧಿಯಂಥ ಕೆರೆಗಳನ್ನೂ ಬಾವಿ, ಕಲ್ಯಾಣಿಗಳನ್ನೂ ನಂಬಿಕೊಂಡಿದ್ದರು. 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಅದಾದ ಮೇಲೆ ಊರಿಗೆ ಸಿಕ್ಕ ಹೊಸ ದೊಡ್ಡ ಮೂಲವೆಂದರೆ ಕಾವೇರಿಯೇ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ, ದಾರಿಯಲ್ಲಿ ಮೂರು ಕಡೆ ಪಂಪು ಮಾಡಿ ನೀರು ತರುವ ಆ ಯೋಜನೆಯ ಮೊದಲ ಹಂತ ಮುಗಿದದ್ದು 1974ರಲ್ಲಿ. 1933ಕ್ಕೂ 1974ಕ್ಕೂ ನಡುವೆ ಊರು ಬೆಳೆದ ಬಗೆ ನೋಡಿ. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 7.8 ಲಕ್ಷದ ಹತ್ತಿರ ಬಂತು, 1971ರ ಹೊತ್ತಿಗೆ 16 ಲಕ್ಷ ದಾಟಿತು. ಜನ ನಾಲ್ಕು ಪಟ್ಟಾದರು, ನೀರಿನ ದೊಡ್ಡ ಮೂಲ ಒಂದೂ ಹೆಚ್ಚಲಿಲ್ಲ. ಜನರನ್ನು ಊರಿಗೆ ಎಳೆದು ತಂದದ್ದರಲ್ಲಿ ಈ ಕಾರ್ಖಾನೆಗಳ ಪಾಲು ದೊಡ್ಡದು. ಕಾರ್ಖಾನೆ ಜನರನ್ನು ತಂದಿತು, ಆ ಜನರ ಬಿಂದಿಗೆ ತುಂಬಿಸುವ ಹೊಣೆ ಮಾತ್ರ ಮನೆಮನೆಯ ಹೆಂಗಸರ ಮೇಲೆ ಬಿತ್ತು.

ಆ ಕಾಲದ ಬಾಡಿಗೆ ಮನೆಯೆಂದರೆ ಬಹಳ ಮಂದಿಗೆ ವಠಾರ. ನಡುವೆ ಓಣಿ, ಎರಡೂ ಕಡೆ ಸಾಲು ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ ಅಥವಾ ಒಂದು ಬಾವಿ, ಒಂದೋ ಎರಡೋ ಪಾಯಿಖಾನೆ. ವಠಾರವೂ ಇಲ್ಲದವರಿಗೆ ಬೀದಿ ನಲ್ಲಿ. ನೀರು ಬರುವ ಹೊತ್ತು ಮನೆಯವರ ಅನುಕೂಲ ಕೇಳಿ ಬರುವುದಿಲ್ಲ. ನಸುಕಿನಲ್ಲಿ ಬರುತ್ತದೆ, ಇಲ್ಲವೇ ನಡುಹಗಲಿನಲ್ಲಿ ಬರುತ್ತದೆ. ಸಾಲಿನಲ್ಲಿ ಬಿಂದಿಗೆ ಇಟ್ಟವರು ಪಕ್ಕದಲ್ಲೇ ನಿಂತಿರಬೇಕು, ಇಲ್ಲವಾದರೆ ಬಿಂದಿಗೆ ಹಿಂದೆ ಸರಿದಿರುತ್ತದೆ. ನೀರಿನ ಕೆಲಸದ ಮುಖ್ಯ ಗುಣ ಇದೇ. ಅದಕ್ಕೆ ಬಲಕ್ಕಿಂತ ಹೆಚ್ಚಾಗಿ ಹಾಜರಿ ಬೇಕು, ಯಾರಾದರೊಬ್ಬರು ಮನೆಯಲ್ಲಿ ಇರಬೇಕು. ಒಲೆಯ ಕಥೆಯೂ ಬೇರೆಯಲ್ಲ. ಸೌದೆ ಡಿಪೋದಿಂದ ಸೌದೆ, ಸಾಮಿಲ್ಲಿನಿಂದ ಹೊಟ್ಟು, ಕಾರ್ಡು ತೋರಿಸಿ ಸೀಮೆಎಣ್ಣೆ. ಹೊಟ್ಟಿನ ಒಲೆಗೆ ನಡುವೆ ಶೀಶೆ ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ತುರುಕಿ, ಶೀಶೆಯನ್ನು ಮೆಲ್ಲಗೆ ತಿರುಗಿಸಿ ಮೇಲಕ್ಕೆಳೆಯಬೇಕು. ಸಡಿಲವಾಗಿ ತುಂಬಿದರೆ ಅರ್ಧ ಅನ್ನವಾಗುವಷ್ಟರಲ್ಲಿ ಕುಸಿದು ಬೀಳುತ್ತದೆ. ಇಂಡೇನ್ ಸಿಲಿಂಡರು ದೇಶದಲ್ಲಿ ಮೊದಲು ಕಾಣಿಸಿದ್ದೇ 1960ರ ದಶಕದ ಮಧ್ಯದಲ್ಲಿ. 1980ರ ದಶಕದಲ್ಲೂ ಹೊಸ ಸಂಪರ್ಕಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ರುಬ್ಬಿದ ಹಿಟ್ಟನ್ನು, ಹುರಿದು ಕುಟ್ಟಿದ ಪುಡಿಯನ್ನು ಅಂಗಡಿಯಿಂದ ಕೊಳ್ಳುವ ಅಭ್ಯಾಸವೂ ತಡವಾಗಿಯೇ ಬಂತು. ಎಂಟಿಆರ್‌ನವರು ಸಿದ್ಧ ಮಿಶ್ರಣಗಳ ಕಡೆ ದೊಡ್ಡದಾಗಿ ತಿರುಗಿದ್ದು ತುರ್ತುಪರಿಸ್ಥಿತಿಯ ಕಾಲದಿಂದ ಈಚೆಗೆ. ಹೀಗೆ ಕಾರ್ಖಾನೆಯ ದಿನಾಂಕಗಳನ್ನೂ ಮನೆಯ ಅನುಕೂಲಗಳ ದಿನಾಂಕಗಳನ್ನೂ ಎದುರುಬದುರು ಇಟ್ಟರೆ ಯಾವುದು ಮೊದಲು ಎಂಬ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಇದಕ್ಕೆ ಕಾನೂನು ಇನ್ನೊಂದು ಗಂಟು ಹಾಕಿತು. 1948ರ ಕಾರ್ಖಾನೆಗಳ ಕಾಯಿದೆಯ ಪ್ರಕಾರ ಹೆಂಗಸರನ್ನು ಬೆಳಗ್ಗೆ 6ರಿಂದ ಸಂಜೆ 7ರ ನಡುವೆ ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತು. ಇದರ ಹಿಂದೆ ಒಳ್ಳೆಯ ಉದ್ದೇಶವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದರ ಫಲ ಏನಾಯಿತೆಂದರೆ, ನೀರು ಬರುವ, ರೇಷನ್ ಅಂಗಡಿ ತೆರೆಯುವ, ಸೀಮೆಎಣ್ಣೆ ಗಾಡಿ ಬರುವ, ಮಕ್ಕಳು ಶಾಲೆಯಿಂದ ಮರಳುವ ಹೊತ್ತೆಲ್ಲ ಅವಳ ಡ್ಯೂಟಿಯ ಹೊತ್ತೇ ಆಯಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ ಕೊಟ್ಟ ರಜೆ 12 ವಾರ. ಅದರಲ್ಲಿ ಹೆರಿಗೆಗೆ ಮುಂಚೆ ಆರು ವಾರದವರೆಗೆ ತೆಗೆದುಕೊಂಡವಳಿಗೆ ಕೂಸಿನ ಜೊತೆ ಉಳಿಯುವುದು ಇನ್ನು ಆರೇ ವಾರ. ನಮ್ಮ ಸೀಮೆಯಲ್ಲಿ ಬಾಣಂತಿಯನ್ನು ಮೂರು ತಿಂಗಳು, ಐದು ತಿಂಗಳು ಹೊರಗೆ ಬಿಡದ ಮನೆಗಳಿದ್ದ ಕಾಲ ಅದು. ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಲೇಬೇಕೆಂದು ಕಾರ್ಖಾನೆಗಳ ಕಾಯಿದೆ ಹೇಳಿತ್ತು. ಆದರೆ ಎಳೆಗೂಸನ್ನು ಎದೆಗವಚಿಕೊಂಡು ಬಸ್ಸಿನ ನೂಕುನುಗ್ಗಲಿನಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ಬರುವುದು ಎಲ್ಲರಿಗೂ ಆಗುವ ಮಾತಲ್ಲ. ಕೂಸು ಮನೆಯಲ್ಲೇ ಉಳಿಯಿತು. ಕೂಸು ಉಳಿದಲ್ಲಿ ಅದನ್ನು ನೋಡಿಕೊಳ್ಳುವವರೂ ಉಳಿಯಬೇಕಾಯಿತು.

ಹಾಗೆ ಉಳಿದವರು ಯಾರು? ಅತ್ತೆ, ತಾಯಿ, ವಿಧವೆಯಾಗಿ ತವರಿಗೆ ಮರಳಿದ ಅತ್ತಿಗೆ, ಹಳ್ಳಿಯಿಂದ ಕರೆಸಿಕೊಂಡ ದೊಡ್ಡಮ್ಮ, ಎಷ್ಟೋ ಮನೆಗಳಲ್ಲಿ ಶಾಲೆ ಬಿಡಿಸಿದ ಹಿರಿಯ ಮಗಳು. ಮನೆಯ ಇನ್ನೊಬ್ಬ ಹೆಂಗಸಿನ ಬೆನ್ನ ಮೇಲೆ ಇಡೀ ಸಂಸಾರ ನಡೆಯುವುದು ನಮ್ಮಲ್ಲಿ ಹೊಸದೇನಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಬಾಲವಿಧವೆಯಾಗಿ ನೂರು ದಾಟಿ ಬದುಕಿದ, ಮಲೆನಾಡಿನ ಒಬ್ಬ ನಿಜವಾದ ಹೆಂಗಸಿನ ಬದುಕಿನಿಂದ ಹುಟ್ಟಿದ್ದು. ಆಕೆಯ ಮಾತು ಲೇಖಕಿಯ ತಾಯಿಯ ಕಿವಿಗೆ ಬಿದ್ದು, ಅಲ್ಲಿಂದ ಲೇಖಕಿಗೆ ದಾಟಿ, ಪುಸ್ತಕವಾಯಿತು. ದೊಡ್ಡ ಮನೆಯೊಂದರ ಅಡುಗೆ, ಬಾಣಂತನ, ಮಕ್ಕಳ ಆರೈಕೆ ಸಂಬಳವಿಲ್ಲದ, ಕೊನೆಯಿಲ್ಲದ ಒಬ್ಬಳ ದುಡಿಮೆಯಿಂದ ಹೇಗೆ ಸಾಗುತ್ತಿತ್ತೆಂದು ತಿಳಿಯಲು ಯಾವ ಗೆಜೆಟಿಯರೂ ಆ ಕಾದಂಬರಿಯಷ್ಟು ನೆರವಾಗುವುದಿಲ್ಲ. ಬೆಂಗಳೂರಿನ ಕಾರ್ಖಾನೆಗಳು ಈ ಹಳೆಯ ಏರ್ಪಾಡನ್ನು ಮುರಿಯಲಿಲ್ಲ, ಅದನ್ನೇ ಆಧಾರ ಮಾಡಿಕೊಂಡವು. ಬೇರೆಯಾದದ್ದು ಒಂದೇ: ಈಗ ಅದೇ ಏರ್ಪಾಡಿನಿಂದ ಇನ್ನೊಬ್ಬ ಹೆಂಗಸು ತಿಂಗಳ ಕೊನೆಗೆ ಸಂಬಳದ ಕವರು ತರುತ್ತಿದ್ದಳು. ಅತ್ತೆಯ ದುಡಿಮೆ ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಗೆಲಸವನ್ನಷ್ಟೇ ಮಾಡುವವರಿಗೆ 92 ಎಂಬ ಸಂಕೇತವಿದೆ. ಅದರ ಜೊತೆ ಮನೆಬಳಕೆಗೆ ಸೌದೆಯಂಥದ್ದನ್ನು ಆಯ್ದು ತರುವವರಿಗೆ 93. ಎರಡೂ ಸಂಕೇತದವರು ದುಡಿಯುವವರ ಪಟ್ಟಿಯಿಂದ ಹೊರಗೆ. ಸೊಸೆ ಅಂಕಿಅಂಶದೊಳಗೆ ಬಂದಳು, ಅವಳನ್ನು ಅಲ್ಲಿಗೆ ಕಳಿಸಿಕೊಟ್ಟವಳು ಹೊರಗುಳಿದಳು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ಇದು: ಹೆಂಗಸು ಹೊರಗೆ ದುಡಿಯುವುದು 1950ರಲ್ಲಿ ಶುರುವಾದದ್ದಲ್ಲ, ಬಡವರ ಮನೆಯ ಹೆಂಗಸರು ಯಾವತ್ತೂ ದುಡಿದವರೇ. ಇದು ನಿಜ, ಇದನ್ನು ಮರೆತು ಬರೆದ ಚರಿತ್ರೆಗೆ ಬೆಲೆಯಿಲ್ಲ. 1884ರಷ್ಟು ಹಳೆಯದಾದ ಬಿನ್ನಿ ಗಿರಣಿಯ ಕಾಲದಿಂದ ಈ ಊರಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಕೆಲಸ ಮಾಡಿದ್ದಾರೆ. ಕಟ್ಟಡದ ಕೆಲಸದಲ್ಲಿ ಜಲ್ಲಿ ಹೊತ್ತವರು, ಬೀದಿ ಗುಡಿಸಿದವರು, ಮನೆಯಲ್ಲಿ ಕೂತು ಊದುಬತ್ತಿ ಹೊಸೆದವರು, ಬೀಡಿ ಕಟ್ಟಿದವರು, ಹೊಲದಲ್ಲಿ ಕಳೆ ಕಿತ್ತವರು ಇವರೆಲ್ಲ ದಲಿತರ, ಹಿಂದುಳಿದವರ, ಬಡ ಮುಸ್ಲಿಮರ ಮನೆಯವರೇ ಹೆಚ್ಚು. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಬುಡ ಗಟ್ಟಿ ಮಾಡುತ್ತದೆ. ಸಾವಿರ ಊದುಬತ್ತಿಗೆ ಇಷ್ಟು ಎಂದು ಎಣಿಸಿ ಪಡೆದವಳಿಗೂ ನಲ್ಲಿ ಇರಲಿಲ್ಲ, ಗ್ಯಾಸ್ ಇರಲಿಲ್ಲ. ಮನೆಗೆ ಅನುಕೂಲ ಬಂದ ಮೇಲೆ ಹೆಂಗಸು ಹೊರಗೆ ಹೊರಟಳು ಎಂಬ ಕಥೆ ಅವಳ ಬದುಕಿನಲ್ಲಂತೂ ಮೊದಲಿಂದಲೂ ಸುಳ್ಳು. ಸರ್ಕಾರಿ ಕಾರ್ಖಾನೆಗಳಲ್ಲಿ ಹೊಸದಾಗಿದ್ದದ್ದು ದುಡಿಮೆಯಲ್ಲ, ದುಡಿಮೆಗೆ ಸಿಕ್ಕ ದಾಖಲೆ: ಸೇರಿದ ತಾರೀಕು, ಬಡ್ತಿ, ಇಎಸ್‌ಐ ಚೀಟಿ, ಭವಿಷ್ಯ ನಿಧಿಯ ಸಂಖ್ಯೆ, ನಿವೃತ್ತಿ. ಬೆಂಗಳೂರಿನ ಮೊದಲ ತಲೆಮಾರಿನ ನಿವೃತ್ತ ಅಜ್ಜಿಯರಲ್ಲಿ ಶಾಲೆಯ ಮೇಷ್ಟ್ರಮ್ಮಂದಿರು, ದಾದಿಯರು, ಟೆಲಿಫೋನ್ ಆಪರೇಟರುಗಳ ಜೊತೆ ಈ ಕಾರ್ಖಾನೆಯವರೂ ನಿಲ್ಲುವುದು ಇದರಿಂದ.

ಕಾರ್ಖಾನೆಗಳಿಗೆ ತಮ್ಮದೇ ಕಾಲೋನಿಗಳಿದ್ದವಲ್ಲ, ಅಲ್ಲಿ ನಲ್ಲಿ, ವಿದ್ಯುತ್ತು, ಶಾಲೆ, ಆಸ್ಪತ್ರೆ ಎಲ್ಲ ಇದ್ದವಲ್ಲ ಎಂದು ಕೇಳಬಹುದು. ಇದ್ದವು. ದೂರವಾಣಿನಗರದ, ಜಾಲಹಳ್ಳಿಯ ಕ್ವಾರ್ಟರ್ಸುಗಳು ಆ ಕಾಲಕ್ಕೆ ಚೆನ್ನಾಗಿ ಕಟ್ಟಿದ ಬಡಾವಣೆಗಳೇ. ಆದರೆ ದುಡಿಯುವ ಎಲ್ಲರಿಗೂ ಮನೆ ಕೊಡುವಷ್ಟು ಕ್ವಾರ್ಟರ್ಸು ಯಾವ ಕಾರ್ಖಾನೆಯಲ್ಲೂ ಇರಲಿಲ್ಲ. ಊರಿನ ಮೂಲೆಮೂಲೆಯಿಂದ ಕಾರ್ಖಾನೆ ಬಸ್ಸುಗಳು ಜನರನ್ನು ಹೊತ್ತು ತರುತ್ತಿದ್ದದ್ದೇ ಅದಕ್ಕೆ ಸಾಕ್ಷಿ. ಇನ್ನು ಪ್ರೆಷರ್ ಕುಕ್ಕರ್ 1959ರ ಹೊತ್ತಿಗೇ ದೇಶದಲ್ಲಿ ತಯಾರಾಗುತ್ತಿತ್ತು, ರಾಗಿ ಬೀಸುವ ಕಷ್ಟವನ್ನು ಹಿಟ್ಟಿನ ಗಿರಣಿ ಅದಕ್ಕೂ ಮೊದಲೇ ತೆಗೆದಿತ್ತು ಎಂಬ ಮಾತು. ಒಪ್ಪಬೇಕಾದ ಮಾತೇ. ಕುಕ್ಕರು ಅನ್ನ ಬೇಯುವ ಹೊತ್ತನ್ನು ಉಳಿಸಿತು, ಗಿರಣಿ ರಟ್ಟೆಯ ಶ್ರಮವನ್ನು ಉಳಿಸಿತು. ಎರಡೂ ಉಳಿಸದೆ ಬಿಟ್ಟದ್ದು ಹಾಜರಿಯನ್ನು. ಕುಕ್ಕರು ನೀರಿನ ಸಾಲಿನಲ್ಲಿ ನಿಲ್ಲುವುದಿಲ್ಲ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವುದಿಲ್ಲ. ಮನೆಯಲ್ಲೊಬ್ಬರು ಇದ್ದೇ ಇರಬೇಕೆಂಬ ಕಟ್ಟು ಸಡಿಲವಾಗಲು ನೀರು ಮನೆಯೊಳಗೆ ಬರಬೇಕಿತ್ತು, ಅಡುಗೆಯ ಇಂಧನ ಬಾಗಿಲಿಗೆ ಬರಬೇಕಿತ್ತು, ಮಗುವಿಗೆ ಹತ್ತಿರದಲ್ಲೊಂದು ನೆಲೆ ಬೇಕಿತ್ತು. ಮಧ್ಯಮವರ್ಗದ ಮನೆಗಳಲ್ಲಿ ಕೆಲಸದವರಿದ್ದರು ಎಂದರೆ, ಆಗ ಆ ಎರಡನೆಯ ಹೆಂಗಸು ಅತ್ತೆಯ ಬದಲು ಕೆಲಸದಾಕೆ ಎಂದಷ್ಟೇ ಆಯಿತು. ಅವಳಿಗೂ ನಿವೃತ್ತಿಯಿರಲಿಲ್ಲ. ಮನೆಗೆಲಸದವರಿಗೆ ಕನಿಷ್ಠ ಕೂಲಿಯ ಅಧಿಸೂಚನೆ ಹೊರಡಿಸಿದ ಮೊದಲ ರಾಜ್ಯವೆಂಬ ಹೆಸರು ಕರ್ನಾಟಕಕ್ಕಿದೆ, ಆದರೆ ಅದು ಬಂದದ್ದು 2004ರಲ್ಲಿ. ಗಂಡಸರ ಮಾತೆತ್ತಿದರೆ, 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲೂ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಟ್ಟದ್ದು 97 ನಿಮಿಷ. ಅದಕ್ಕೆ ಕೈಯೇ ಹಾಕದ ಗಂಡಸರು ಆ ಸರಾಸರಿಯೊಳಗೆ ಇಲ್ಲ. ಅರವತ್ತು ವರ್ಷದ ಹಿಂದೆ ಈ ಅಂತರ ಇದಕ್ಕಿಂತ ಕಡಿಮೆ ಇತ್ತೆಂದು ನಂಬಲು ಕಾರಣವೇ ಇಲ್ಲ.

ಕೂಡು ಕುಟುಂಬದಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಪ್ರೀತಿ, ಅದನ್ನು ದುಡಿಮೆಯೆಂದು ಅಳೆಯುವುದೇ ತಪ್ಪು ಎಂಬ ಮಾತಿಗೆ ಭಾವನೆಯ ಬಲ ಹೆಚ್ಚು. ಪ್ರೀತಿ ಇತ್ತು, ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಪ್ರೀತಿಯಿಂದ ಮಾಡಿದ ಕೆಲಸಕ್ಕೂ ಹೊತ್ತು ಹಿಡಿಯುತ್ತದೆ, ಮೈ ನೋಯುತ್ತದೆ. ಅದೇ ಕೆಲಸಕ್ಕೆ ಇನ್ನೊಬ್ಬರನ್ನು ಕರೆದರೆ ಹಣ ಕೊಡಬೇಕಾಗುತ್ತದೆ. ಬೆಂಚಿನ ಮುಂದೆ ಕೂತವಳಿಗೂ ತನ್ನ ಕೆಲಸದ ಮೇಲೆ ಅಭಿಮಾನವಿತ್ತು. ಅಭಿಮಾನವಿತ್ತೆಂದು ಯಾರೂ ಅವಳ ಸಂಬಳ ಹಿಡಿಯಲಿಲ್ಲ. ಅತ್ತೆಯ ವಿಚಾರದಲ್ಲಿ ಮಾತ್ರ ಪ್ರೀತಿಯನ್ನೇ ಸಂಬಳವೆಂದು ಎಣಿಸಿದ್ದೇವೆ. ಇದು ಅನ್ಯಾಯ ಎನ್ನಲು ನನಗೆ ಹಿಂಜರಿಕೆಯಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಎರಡೂವರೆ ತಿಂಗಳು ಮುಷ್ಕರ ಹೂಡಿದ್ದನ್ನು ಚರಿತ್ರೆಕಾರರು ವಿವರವಾಗಿ ಬರೆದಿದ್ದಾರೆ. ಬೇಡಿಕೆ ವೇತನದ್ದು. ಅಷ್ಟು ದಿನ ಸಂಬಳವಿಲ್ಲದ ಮನೆಗಳಲ್ಲಿ ಒಲೆ ಹೇಗೆ ಉರಿಯಿತು, ಯಾರ ಬಳೆ ಅಡವಿಗೆ ಹೋಯಿತು, ಯಾರು ಒಂದು ಹೊತ್ತು ಉಂಡರು ಎಂಬುದನ್ನು ಕೇಳಲು ಹೊರಟರೆ ಯೂನಿಯನ್ನಿನ ಕಡತ ಸಾಲದು, ಮನೆಯ ಹಿರಿಯ ಹೆಂಗಸರನ್ನೇ ಕೇಳಬೇಕು.

ಹಾಗೆ ಕೇಳಿದ್ದನ್ನು ನಂಬಬಹುದೇ? ಮುಪ್ಪಿನಲ್ಲಿ ಹಿಂದಿನದೆಲ್ಲ ಚಂದವಾಗಿ ಕಾಣುತ್ತದೆ. ಊರ ತುಂಬ ಮರ, ಬೇಸಿಗೆಯಲ್ಲೂ ಫ್ಯಾನು ಬೇಡ, ನೆರೆಯವರೆಲ್ಲ ಒಂದೇ ಮನೆಯವರಂತೆ ಎಂಬ ಮಾತುಗಳು ಎಲ್ಲ ಹಳೆಯ ಬೆಂಗಳೂರಿಗರ ಬಾಯಲ್ಲೂ ಬರುತ್ತವೆ. ಅತ್ತೆಯ ವಿಷಯ ಬಂದರಂತೂ ನೆನಪು ಎರಡು ದಿಕ್ಕಿಗೆ ವಾಲುತ್ತದೆ, ಒಂದೋ ದೇವತೆ, ಇಲ್ಲವೇ ಮಾರಿ. ಇಂಥ ಮಾತನ್ನು ಹಾಗೆಹಾಗೇ ಚರಿತ್ರೆಯೆಂದು ಅಚ್ಚು ಹಾಕಬಾರದು, ಸರಿ. ಆದರೆ ಭಾವನೆಯನ್ನು ಕೇಳುವ ಬದಲು ಗಂಟೆಯನ್ನು ಕೇಳಿದರೆ ನೆನಪಿನ ಗುಣವೇ ಬೇರೆ. ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಬಸ್ಸು ಎಷ್ಟಕ್ಕೆ, ನೀರು ಯಾರು ಹಿಡಿಯುತ್ತಿದ್ದರು, ಒರಳಿನ ಮುಂದೆ ಯಾರು ಕೂರುತ್ತಿದ್ದರು, ಮೊದಲ ಮಗುವಿನ ಕಾಲಕ್ಕೆ ಗ್ಯಾಸ್ ಇತ್ತೇ, ಎರಡನೆಯದರ ಕಾಲಕ್ಕೆ ಬಂತೇ? ಮೂವತ್ತು ವರ್ಷ ಒಂದೇ ಸೈರನ್ನಿಗೆ ಎದ್ದವರು ಹೊತ್ತನ್ನು ಮರೆಯುವುದಿಲ್ಲ. ಮಕ್ಕಳು ಹುಟ್ಟಿದ ವರ್ಷ ಮರೆಯುವ ತಾಯಿ ಇಲ್ಲ. ಆ ವರ್ಷಗಳ ಪಕ್ಕದಲ್ಲಿ ಜಲಮಂಡಳಿಯ, ಕಾರ್ಖಾನೆಯ, ಗ್ಯಾಸ್ ಕಂಪನಿಯ ದಿನಾಂಕಗಳನ್ನಿಟ್ಟು ತಾಳೆ ನೋಡಬಹುದು. ದೊಡ್ಡವರ ಆತ್ಮಕಥೆಗಳನ್ನು ನಾವು ಆಧಾರವಾಗಿ ಬಳಸುವಾಗ ಇಷ್ಟು ಪರೀಕ್ಷೆಯನ್ನೂ ಮಾಡುವುದಿಲ್ಲ. ಬದುಕಿರುವವರ ನೆನಪಿನಲ್ಲಿ ಒಂದು ಕೊರತೆ ಮಾತ್ರ ನಿಜಕ್ಕೂ ಇದೆ: ನಮಗೆ ಈಗ ಸಿಗುವುದು ಸೊಸೆಯ ಮಾತು, ಅತ್ತೆಯ ಮಾತು ಅವಳ ಜೊತೆಗೇ ಹೋಯಿತು. 1960ರಲ್ಲಿ ಐವತ್ತರ ಹರೆಯದಲ್ಲಿದ್ದವಳ ದಿನಚರಿಯನ್ನು ಅವಳ ಬಾಯಿಂದ ಕೇಳುವ ಕಾಲ ಕಳೆದುಹೋಗಿದೆ. ಸೊಸೆಯ ನೆನಪಿನೊಳಗಿಂದ ಅವಳನ್ನು ಹೆಕ್ಕಿ ತೆಗೆಯುವುದೊಂದೇ ಈಗ ಉಳಿದಿರುವ ದಾರಿ, ಅದೂ ಹೆಚ್ಚು ವರ್ಷ ತೆರೆದಿರುವುದಿಲ್ಲ.

ಇದು ಮುಗಿದುಹೋದ ಕಥೆಯೇನೂ ಅಲ್ಲ. ಕೈಗಡಿಯಾರದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಬೆಂಗಳೂರಿನ ಕಾರ್ಖಾನೆ ಹೆಂಗಸು ಎಂದರೆ ಗಾರ್ಮೆಂಟ್ಸ್ ಹೆಂಗಸು ಎಂದಾಗಿತ್ತು. ಅದೇ 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣವನ್ನು ತೆಗೆಯದಂತೆ ಬಿಗಿ ಮಾಡಿದ ನಿಯಮದ ವಿರುದ್ಧ ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು, ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಮಂಡ್ಯ, ರಾಮನಗರ, ತುಮಕೂರಿನ ಹಳ್ಳಿಗಳಿಂದ ಬಂದು ಹೊಲಿಗೆ ಯಂತ್ರದ ಮುಂದೆ ಕೂರುವ ಎಷ್ಟೋ ತಾಯಂದಿರ ಮಕ್ಕಳು ಬೆಳೆಯುವುದು ಊರಿನಲ್ಲಿ, ಅಜ್ಜಿಯ ಹತ್ತಿರ. ಕಾವೇರಿಯ ಐದನೆಯ ಹಂತ 2024ರಲ್ಲಿ ಬಂದ ಮೇಲೂ ಟ್ಯಾಂಕರಿಗೆ ಕಾಯುವ ಓಣಿಗಳಲ್ಲೇ ಇವರ ಬಾಡಿಗೆ ಮನೆಗಳಿವೆ. ಇನ್ನೊಂದು ಕಡೆ, ಐಟಿಐಯಿಂದಲೋ ಬಿಇಎಲ್‌ನಿಂದಲೋ ನಿವೃತ್ತರಾದವರಲ್ಲಿ ಅನೇಕರು ಮನೆಗೆ ಬಂದದ್ದು ಬಿಡುವಿಗಲ್ಲ. ಸಾಫ್ಟ್‌ವೇರ್ ಕಂಪನಿಗೆ ಹೋಗುವ ಮಗಳ, ಸೊಸೆಯ ಮಕ್ಕಳನ್ನು ಸಾಕಲು. ತಮ್ಮ ಅತ್ತೆ ತಮಗೆ ಮಾಡಿದ್ದನ್ನು ಇವರು ಮುಂದಿನವರಿಗೆ ಮಾಡುತ್ತಿದ್ದಾರೆ, ಹಾಲೆಂಡ್, ಟೆಕ್ಸಾಸ್‌ವರೆಗೂ ಹೋಗಿ ಬಾಣಂತನ ಮುಗಿಸಿ ಬರುತ್ತಿದ್ದಾರೆ. ಹೆರಿಗೆ ರಜೆ 2017ರಲ್ಲಿ 26 ವಾರವಾಯಿತು, ಐವತ್ತು ಮಂದಿ ಇರುವ ಕಡೆಯೆಲ್ಲ ಶಿಶುಪಾಲನಾ ಕೇಂದ್ರವಿರಬೇಕೆಂದೂ ಕಾಯಿದೆ ಹೇಳಿತು. ಸಂಘಟಿತ ವಲಯದ ಹೊರಗಿರುವ ತಾಯಿಗೆ ಎರಡೂ ದೂರದ ಮಾತೇ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಹೆರಿಟೇಜ್ ಸೆಂಟರ್ 2019ರಲ್ಲಿ ತೆರೆದಿದೆ, ಗಡಿಯಾರಗಳನ್ನು, ಅವುಗಳ ಬಿಡಿಭಾಗಗಳನ್ನು ಅಲ್ಲಿ ಕಾಪಾಡಿದ್ದಾರೆ, ಅದು ಒಳ್ಳೆಯ ಕೆಲಸ. ಅದಕ್ಕೆ ಜೊತೆಯಾಗಿ ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆ ವಿಭಾಗಗಳು ಒಂದು ಧ್ವನಿಮುದ್ರಿಕೆಯ ಭಂಡಾರ ಕಟ್ಟಲಿ. ಬೆಂಚಿನ ಮುಂದೆ ಕೂತವರನ್ನು ಕರೆದು ಯಂತ್ರದ ಬಗ್ಗೆ, ಸಂಬಳದ ಬಗ್ಗೆ, ಮುಷ್ಕರದ ಬಗ್ಗೆ ಕೇಳಲಿ. ಪ್ರಶ್ನಾವಳಿಯ ಮೊದಲ ಸಾಲಿನಲ್ಲೇ ಇದೂ ಇರಲಿ: ನೀವು ಡ್ಯೂಟಿಗೆ ಹೋದಾಗ ಮನೆಯಲ್ಲಿ ಉಳಿದವರು ಯಾರು, ಅವರ ಹೆಸರೇನು, ಆಗ ಅವರ ವಯಸ್ಸೆಷ್ಟು?